ತಿಂದದ್ದೆಷ್ಟು, ದಕ್ಕಿದ್ದೆಷ್ಟು: ಪೋಷಕಾಂಶಗಳ ಲೆಕ್ಕದಲ್ಲಿ ದೇಹದ ಪಾಲು

ಆಹಾರದ ಪೊಟ್ಟಣವನ್ನು ತಿರುಗಿಸಿ, ಹಿಂಬದಿಯಲ್ಲಿ ಅಚ್ಚಾಗಿರುವ ಪೋಷಕಾಂಶಗಳ ಪಟ್ಟಿಯನ್ನು ಓದಿ ಕೊಳ್ಳುವ ಅಭ್ಯಾಸ ಈಚಿನ ವರ್ಷಗಳಲ್ಲಿ ಬೆಳೆದಿರುವುದು ಒಳ್ಳೆಯದೇ. ಇಷ್ಟು ಗ್ರಾಂ ಪ್ರೋಟೀನ್, ಇಷ್ಟು ಮಿಲಿಗ್ರಾಂ ಕಬ್ಬಿಣ, ಇಷ್ಟು ಕ್ಯಾಲೊರಿ ಎಂದು ಅಲ್ಲಿ ಕೊಟ್ಟಿರುವ ಅಂಕಿಗಳನ್ನು ಮೊಬೈಲ್ ಆ್ಯಪ್‌ಗಳು ಕೂಡಿಸಿ ದಿನದ ಲೆಕ್ಕ ಒಪ್ಪಿಸುತ್ತವೆ. ಎಲ್ಲಿಯಾದರೂ ಕೊರತೆ ಕಂಡರೆ ಅದನ್ನು ತುಂಬಿಕೊಡಲು ಪುಡಿ, ಮಾತ್ರೆ, ಪಾನೀಯಗಳ ಮಾರುಕಟ್ಟೆ ಕಾದು ನಿಂತಿದೆ. ಆದರೆ ಈ ಲೆಕ್ಕಾಚಾರವೆಲ್ಲ, ಆಹಾರದಲ್ಲಿ ಇದ್ದದ್ದೆಲ್ಲ ಇದ್ದ ಹಾಗೆಯೇ ದೇಹಕ್ಕೆ ಸೇರುತ್ತದೆ ಎಂಬ ಊಹೆಯ ಮೇಲೆ ನಿಂತಿದೆ. ದೇಹದ ಕಾರ್ಯವಿಧಾನ ಈ ಊಹೆಯನ್ನು ಒಪ್ಪುವುದಿಲ್ಲ. ಆಹಾರದಲ್ಲಿ ಇರುವುದು, ಕರುಳು ಹೀರಿಕೊಳ್ಳುವುದು, ಜೀವಕೋಶಗಳು ನಿಜವಾಗಿ ಬಳಸಿಕೊಳ್ಳುವುದು ಇವು ಮೂರೂ ಬೇರೆ ಬೇರೆ ಮೊತ್ತಗಳು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ತೀರ್ಮಾನ ಮಾಡುವುದು ಪೊಟ್ಟಣವಲ್ಲ, ದೇಹ. ಜಗತ್ತಿನಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇಕಡ 30ರಷ್ಟು ಮಂದಿ ಇಂದಿಗೂ ರಕ್ತಹೀನತೆಯಿಂದ ಬಳಲುತ್ತಿರುವಾಗ, ಈ ವ್ಯತ್ಯಾಸವನ್ನು ಪಠ್ಯಪುಸ್ತಕದ ಸೂಕ್ಷ್ಮವೆಂದು ಬದಿಗಿಡುವಂತಿಲ್ಲ.

ಕ್ಯಾಲೊರಿಯಿಂದಲೇ ಆರಂಭಿಸಬಹುದು. ಒಂದು ಗ್ರಾಂ ಪ್ರೋಟೀನಿಗೆ 4, ಒಂದು ಗ್ರಾಂ ಕಾರ್ಬೋಹೈಡ್ರೇಟಿಗೆ 4, ಒಂದು ಗ್ರಾಂ ಕೊಬ್ಬಿಗೆ 9 ಕಿಲೋಕ್ಯಾಲೊರಿ ಎಂಬ ಸೂತ್ರವನ್ನು ರೂಪಿಸಿದವರು ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಅಟ್‌ವಾಟರ್. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅವರು ಆಹಾರವನ್ನು ಸುಟ್ಟು ಶಾಖವನ್ನು ಅಳೆದರು, ಮಲ ಮೂತ್ರಗಳಲ್ಲಿ ಹೊರಹೋಗುವ ಶಕ್ತಿಯನ್ನೂ ಅಳೆದು ಕಳೆದರು. ಆ ಕಾಲಕ್ಕೆ ಅದು ಅಸಾಧಾರಣ ಎಚ್ಚರಿಕೆಯ ಕೆಲಸ, ಮತ್ತು ಮಿಶ್ರ ಆಹಾರದ ಮಟ್ಟಿಗೆ ಇಂದಿಗೂ ಬಹುಪಾಲು ಸರಿಹೋಗುವ ಕೆಲಸ. ಆದರೆ ಆ ಸೂತ್ರ ಸರಾಸರಿಯದ್ದು. ಬಿಡಿ ಬಿಡಿ ಆಹಾರಕ್ಕೆ ಅದನ್ನು ಹಚ್ಚಿದಾಗ ಎಷ್ಟು ತಪ್ಪಬಹುದು ಎಂಬುದಕ್ಕೆ 2012ರಲ್ಲಿ ಪ್ರಕಟವಾದ ಬಾದಾಮಿಯ ಅಧ್ಯಯನ ಸಾಕ್ಷಿ. ಸುಮಾರು 28 ಗ್ರಾಂ ಬಾದಾಮಿಯಲ್ಲಿ ಸೂತ್ರದ ಪ್ರಕಾರ 170ರ ಆಸುಪಾಸು ಕಿಲೋಕ್ಯಾಲೊರಿ ಇರಬೇಕು. ಜನರಿಗೆ ತಿನ್ನಿಸಿ, ಹೊರಹೋದದ್ದನ್ನು ಅಳೆದು ನೋಡಿದಾಗ ದೇಹಕ್ಕೆ ದಕ್ಕಿದ್ದು ಸುಮಾರು 129 ಮಾತ್ರ. ಬಾದಾಮಿಯ ಕೊಬ್ಬು ಗಟ್ಟಿ ಗೋಡೆಯ ಸಸ್ಯಕೋಶಗಳೊಳಗೆ ಬಂದಿಯಾಗಿರುತ್ತದೆ. ಹಲ್ಲು ಒಡೆದ ಕೋಶಗಳ ಕೊಬ್ಬು ಮಾತ್ರ ಕಿಣ್ವಗಳ ಕೈಗೆ ಸಿಗುತ್ತದೆ. ಒಡೆಯದೆ ಉಳಿದ ಚೂರುಗಳು ತಮ್ಮ ಕೊಬ್ಬನ್ನು ಹೊತ್ತುಕೊಂಡೇ ಕರುಳನ್ನು ದಾಟಿಹೋಗುತ್ತವೆ. ಅದೇ ಬಾದಾಮಿಯನ್ನು ನುಣ್ಣಗೆ ಅರೆದು ತಿಂದರೆ ದಕ್ಕುವ ಶಕ್ತಿ ಹೆಚ್ಚುತ್ತದೆ. ಪೊಟ್ಟಣದ ಅಂಕಿ ಮಾತ್ರ ಎರಡೂ ಸಂದರ್ಭದಲ್ಲಿ ಒಂದೇ ಆಗಿರುತ್ತದೆ.

ಆಹಾರ ಒಡೆಯುವ ಕೆಲಸ ಬಾಯಲ್ಲಿ ಶುರುವಾಗಿ, ಜಠರದ ಆಮ್ಲದಲ್ಲಿ ಮುಂದುವರಿದು, ಮೇದೋಜೀರಕ ಗ್ರಂಥಿಯ ಕಿಣ್ವಗಳೂ ಪಿತ್ತರಸವೂ ಸೇರುವ ಸಣ್ಣ ಕರುಳಿನಲ್ಲಿ ಪೂರ್ಣಗೊಳ್ಳುತ್ತದೆ. ಇದು ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಅಷ್ಟಾಗಿ ಚರ್ಚೆಗೆ ಬಾರದಿರುವುದು ಅದರ ನಂತರದ ಹಂತ. ಸಣ್ಣ ಕರುಳಿನ ಒಳಗೋಡೆ ಮಡಿಕೆಗಳಿಂದಲೂ, ಮಡಿಕೆಗಳ ಮೇಲಿನ ಬೆರಳಿನಾಕಾರದ ವಿಲ್ಲಸ್‌ಗಳಿಂದಲೂ, ಅವುಗಳ ಮೇಲಿನ ಇನ್ನೂ ಸೂಕ್ಷ್ಮವಾದ ಚಾಚಿಕೆಗಳಿಂದಲೂ ತುಂಬಿದೆ. ಇದನ್ನೆಲ್ಲ ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ಪುಸ್ತಕಗಳು ಬಹುಕಾಲ ಹೇಳುತ್ತಿದ್ದವು; 2014ರಲ್ಲಿ ಪ್ರಕಟವಾದ ಮರು ಅಳತೆ ಅದನ್ನು ಸುಮಾರು 30 ಚದರ ಮೀಟರಿಗೆ ಇಳಿಸಿತು. ಈ ಹಾಸಿನ ಜೀವಕೋಶಗಳು ಕೆಲವೇ ದಿನ ಬದುಕಿ, ಉದುರಿ, ಹೊಸದಕ್ಕೆ ಜಾಗ ಬಿಡುತ್ತವೆ. ಇಲ್ಲಿ ಪೋಷಕಾಂಶಗಳು ತಾವಾಗಿ ಸೋರಿ ಒಳಗೆ ಹೋಗುವುದು ಅಪರೂಪ. ಬಹುತೇಕ ಪ್ರತಿಯೊಂದಕ್ಕೂ ಕೋಶದ ಪೊರೆಯಲ್ಲಿ ಅದರದ್ದೇ ಆದ ಸಾಗಣೆ ಪ್ರೋಟೀನ್ ಇರಬೇಕು, ಆ ಪ್ರೋಟೀನಿಗೆ ಅದರದ್ದೇ ಆದ ಷರತ್ತುಗಳು.

ಗ್ಲುಕೋಸಿನ ಷರತ್ತು ಸೋಡಿಯಂ. ಕರುಳಿನ ಕೋಶ ಗ್ಲುಕೋಸನ್ನು ಒಳಗೆ ಎಳೆದುಕೊಳ್ಳುವುದು ಸೋಡಿಯಂ ಅಯಾನುಗಳ ಜೊತೆಯಲ್ಲೇ ಎಂಬ ಪ್ರತಿಪಾದನೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಮುಂದಿಟ್ಟರು. ಎರಡೂ ಒಳಗೆ ಹೋದರೆ ನೀರು ಹಿಂಬಾಲಿಸುತ್ತದೆ. ಕಾಲರಾ ರೋಗಿಯ ಕರುಳಿನಿಂದ ನೀರು ಧಾರಾಕಾರವಾಗಿ ಹೊರಹೋಗುತ್ತಿರುವಾಗಲೂ ಈ ಜೋಡಿ ಸಾಗಣೆ ಕೆಡದೆ ಉಳಿದಿರುತ್ತದೆ ಎಂಬ ತಿಳಿವಳಿಕೆಯೇ ಉಪ್ಪು ಸಕ್ಕರೆಯ ಪುನರ್ಜಲೀಕರಣ ದ್ರಾವಣಕ್ಕೆ ತಳಹದಿಯಾಯಿತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬೀಸ್ ಆ ದ್ರಾವಣವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಬರೀ ನೀರು ಕುಡಿಸಿದ್ದರೆ ಆಗದಿದ್ದ ಕೆಲಸ ಅದು. ಒಂದು ಪೋಷಕಾಂಶದ ಹೀರಿಕೆ ಅದರ ಜೊತೆಗೆ ಏನಿದೆ ಎಂಬುದನ್ನು ಅವಲಂಬಿಸಿದೆ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ತಿಳಿದಿಲ್ಲ.

ಕೊಬ್ಬಿನ ದಾರಿ ಬೇರೆ. ನೀರಿನಲ್ಲಿ ಬೆರೆಯದ ಅದನ್ನು ಪಿತ್ತರಸದ ಲವಣಗಳು ಸಣ್ಣ ಕಣಗಳಾಗಿ ಒಡೆದು ಕೋಶಗಳ ಬಳಿಗೆ ಒಯ್ಯುತ್ತವೆ. ಒಳಗೆ ಮತ್ತೆ ಜೋಡಣೆಗೊಂಡ ಕೊಬ್ಬು ಪ್ರೋಟೀನಿನ ಹೊದಿಕೆ ಹೊದ್ದು, ನೇರವಾಗಿ ರಕ್ತಕ್ಕೆ ಸೇರದೆ ದುಗ್ಧರಸನಾಳಗಳ ಮೂಲಕ ಸಾಗಿ, ಕತ್ತಿನ ಬುಡದ ಹತ್ತಿರ ರಕ್ತವನ್ನು ಕೂಡಿಕೊಳ್ಳುತ್ತದೆ. ಎ, ಡಿ, ಇ, ಕೆ ವಿಟಮಿನ್‌ಗಳು ಇದೇ ಹಾದಿಯನ್ನು ಹಿಡಿಯುವುದರಿಂದ ಊಟದಲ್ಲಿ ಕೊಬ್ಬು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯಾದರೆ ಅವೂ ಸರಿಯಾಗಿ ಒಳಸೇರುವುದಿಲ್ಲ. ಕ್ಯಾರೆಟ್ಟಿನಂಥ ತರಕಾರಿಗಳ ಬೀಟಾ ಕ್ಯಾರೋಟಿನ್ ಮೊದಲು ಹೀರಲ್ಪಟ್ಟು ಆಮೇಲೆ ವಿಟಮಿನ್ ಎ ಆಗಿ ಮಾರ್ಪಡಬೇಕು. ಈಗಿನ ಅಂಗೀಕೃತ ಲೆಕ್ಕದಲ್ಲಿ ಆಹಾರದಲ್ಲಿನ 12 ಮೈಕ್ರೊಗ್ರಾಂ ಬೀಟಾ ಕ್ಯಾರೋಟಿನ್ ಒಂದು ಮೈಕ್ರೊಗ್ರಾಂ ವಿಟಮಿನ್ ಎಗೆ ಸಮ. ಹಿಂದೆ ಆರಕ್ಕೆ ಒಂದು ಎಂದು ಭಾವಿಸಲಾಗಿತ್ತು. ಅಂದರೆ ಸಸ್ಯಾಹಾರದಿಂದ ದಕ್ಕುವ ವಿಟಮಿನ್ ಎ ಪ್ರಮಾಣ ಕಾಗದದ ಮೇಲೆ ಒಮ್ಮೆಲೇ ಅರ್ಧಕ್ಕೆ ಇಳಿಯಿತು. ತರಕಾರಿ ಬದಲಾಗಿರಲಿಲ್ಲ.

ಸಕ್ಕರೆ, ಅಮೈನೋ ಆಮ್ಲ, ಖನಿಜಗಳನ್ನು ಹೊತ್ತ ರಕ್ತ ಕರುಳಿನಿಂದ ಮೊದಲು ಹೋಗುವುದು ಯಕೃತ್ತಿಗೆ. ಅಲ್ಲಿ ಬಂದದ್ದರ ವಿಂಗಡಣೆ ನಡೆಯುತ್ತದೆ. ಊಟವಾದ ಮೇಲೆ ಇನ್ಸುಲಿನ್ ಏರಿ, ಹೆಚ್ಚುವರಿ ಗ್ಲುಕೋಸ್ ಗ್ಲೈಕೋಜನ್ ಆಗಿ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಸಂಗ್ರಹವಾಗುತ್ತದೆ. ವಯಸ್ಕರ ಯಕೃತ್ತಿನಲ್ಲಿ ಅದು ಸುಮಾರು 100 ಗ್ರಾಂ ಹಿಡಿಸಬಹುದು. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲುಕೋಸ್ ಬಳಸುವುದರಿಂದ ಈ ದಾಸ್ತಾನು ಬಹಳ ಹೊತ್ತು ಬಾಳುವುದಿಲ್ಲ. ರಾತ್ರಿಯ ಉಪವಾಸದಲ್ಲಿ ಅದು ಕರಗುತ್ತ ಬಂದಂತೆ ಯಕೃತ್ತು ಅಮೈನೋ ಆಮ್ಲ, ಲ್ಯಾಕ್ಟೇಟ್, ಗ್ಲಿಸರಾಲ್‌ಗಳಿಂದ ಹೊಸದಾಗಿ ಗ್ಲುಕೋಸ್ ತಯಾರಿಸುತ್ತದೆ, ಉಳಿದ ಅಂಗಗಳು ಕೊಬ್ಬನ್ನು ಉರಿಸಿ ಕೆಲಸ ಸಾಗಿಸುತ್ತವೆ. ಒಂದೇ ಊಟ ವ್ಯಾಯಾಮದ ಬಳಿಕ ಸ್ನಾಯುವಿನ ದಾಸ್ತಾನಿಗೂ, ಕೂತಲ್ಲೇ ಕಳೆದ ದಿನದಲ್ಲಿ ಕೊಬ್ಬಿನ ಶೇಖರಣೆಗೂ ಹೋಗಬಹುದು.

ಈಗ ಎಲ್ಲೆಲ್ಲೂ ಕೇಳಿಬರುತ್ತಿರುವ ಪ್ರೋಟೀನ್ ವಿಷಯಕ್ಕೆ ಬರೋಣ. ದೇಹ ದಿನವೊಂದಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನನ್ನು ಒಡೆದು ಮತ್ತೆ ಕಟ್ಟುತ್ತದೆ. ಊಟದಿಂದ ಬರುವುದು ಇದರ ಒಂದು ಭಾಗವಷ್ಟೇ. ಉಳಿದದ್ದು ದೇಹದ್ದೇ ಹಳೆಯ ಪ್ರೋಟೀನುಗಳ ಮರುಬಳಕೆ. ಆದರೆ ಕೊಬ್ಬಿಗೆ ಇರುವಂಥ ಉಗ್ರಾಣ ಪ್ರೋಟೀನಿಗೆ ಇಲ್ಲ. ಕಟ್ಟಡದ ಕೆಲಸಕ್ಕೆ ಬೇಕಾದಷ್ಟನ್ನು ತೆಗೆದುಕೊಂಡ ಮೇಲೆ ಮಿಕ್ಕ ಅಮೈನೋ ಆಮ್ಲಗಳ ಸಾರಜನಕವನ್ನು ಯಕೃತ್ತು ಯೂರಿಯಾ ಮಾಡಿ ಮೂತ್ರಪಿಂಡಗಳಿಗೆ ಕಳುಹಿಸುತ್ತದೆ, ಉಳಿದ ಇಂಗಾಲದ ಅಂಶ ಇಂಧನವಾಗುತ್ತದೆ ಅಥವಾ ಕೊಬ್ಬಾಗುತ್ತದೆ. ಸ್ನಾಯು ಬೆಳೆಯಬೇಕಾದರೆ ಅದಕ್ಕೆ ದುಡಿಮೆಯ ಸೂಚನೆ ಬೇಕು. ಸೂಚನೆಯೇ ಇಲ್ಲದೆ ಪುಡಿಯ ಪ್ರಮಾಣ ಏರಿಸುವುದರಿಂದ ಏರುವುದು ಯೂರಿಯಾ. ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಎಂಬುದು ಸಾಮಾನ್ಯ ಶಿಫಾರಸು. ವೃದ್ಧರಿಗೂ, ಗರ್ಭಿಣಿಯರಿಗೂ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೂ, ಕಠಿಣ ವ್ಯಾಯಾಮ ಮಾಡುವವರಿಗೂ ಹೆಚ್ಚು ಬೇಕಾಗುತ್ತದೆ ಎಂಬುದನ್ನು ಒಪ್ಪಲೇಬೇಕು. ಪ್ರಮಾಣದಷ್ಟೇ ಮುಖ್ಯವಾದ ಇನ್ನೊಂದು ಸಂಗತಿ, ದೇಹ ತಾನೇ ತಯಾರಿಸಲಾರದ ಒಂಬತ್ತು ಅಮೈನೋ ಆಮ್ಲಗಳು ಒದಗುತ್ತಿವೆಯೇ ಎಂಬುದು. ಧಾನ್ಯಗಳಲ್ಲಿ ಲೈಸಿನ್ ಕಡಿಮೆ, ದ್ವಿದಳ ಕಾಳುಗಳಲ್ಲಿ ಗಂಧಕವಿರುವ ಮೆಥಿಯೊನಿನ್ ಕಡಿಮೆ. ಎರಡನ್ನೂ ದಿನದ ಆಹಾರದಲ್ಲಿ ಬೆರೆಸಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸಣ್ಣ ಕರುಳಿನ ಕೊನೆ ತಲುಪುವ ಮೊದಲು ಪ್ರತಿ ಅಮೈನೋ ಆಮ್ಲ ಎಷ್ಟು ಹೀರಲ್ಪಟ್ಟಿತು ಎಂಬುದರ ಮೇಲೆ ಪ್ರೋಟೀನಿನ ಗುಣಮಟ್ಟವನ್ನು ಅಳೆಯಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರ ಸಮಿತಿ 2013ರಲ್ಲೇ ಸಲಹೆ ಮಾಡಿದೆ. ಹಾಗಿದ್ದರೂ ಪೊಟ್ಟಣದ ಮುಖದ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವುದು ಒಟ್ಟು ಗ್ರಾಂಗಳೇ.

ದೇಹದ ತೀರ್ಮಾನ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕಬ್ಬಿಣದ ವಿಷಯದಲ್ಲಿ. ವಯಸ್ಕರ ದೇಹದಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ. ಕೆಂಪು ರಕ್ತಕಣಗಳ ತಯಾರಿಕೆಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಬೇಕು. ಅದರ ಬಹುಪಾಲು ಸುಮಾರು 120 ದಿನ ಬದುಕಿ ಮುದಿಯಾದ ರಕ್ತಕಣಗಳನ್ನು ಒಡೆದು ವಾಪಸು ಪಡೆದದ್ದೇ ಆಗಿರುತ್ತದೆ. ಹೊರಗಿನಿಂದ ಬೇಕಾಗುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ದೇಹಕ್ಕೆ ಇಲ್ಲ, ಮತ್ತು ಬಿಡಿಯಾಗಿ ತಿರುಗುವ ಕಬ್ಬಿಣ ಅಂಗಾಂಶಗಳಿಗೆ ಹಾನಿ ಮಾಡುತ್ತದೆ. ಆದ್ದರಿಂದ ಕಾವಲೆಲ್ಲ ಒಳಬರುವ ಬಾಗಿಲಲ್ಲೇ.

ಒಂದು ಕಬ್ಬಿಣದ ಪರಮಾಣುವಿನ ಪ್ರಯಾಣವನ್ನು ಹತ್ತಿರದಿಂದ ನೋಡಿದರೆ ಈ ಕಾವಲಿನ ಬಿಗಿ ತಿಳಿಯುತ್ತದೆ. ಸೊಪ್ಪು ಅಥವಾ ಕಾಳಿನಿಂದ ಬಂದ ಕಬ್ಬಿಣ ಹೆಚ್ಚಾಗಿ ಫೆರಿಕ್ ರೂಪದಲ್ಲಿರುತ್ತದೆ. ಸಣ್ಣ ಕರುಳಿನ ಮೊದಲ ಭಾಗದಲ್ಲಿ ಅದು ಫೆರಸ್ ರೂಪಕ್ಕೆ ಬದಲಾಗದೆ ಕೋಶದ ಒಳಗೆ ಕಾಲಿಡುವಂತಿಲ್ಲ. ಊಟದಲ್ಲಿ ವಿಟಮಿನ್ ಸಿ ಇದ್ದರೆ ಈ ಬದಲಾವಣೆ ಸುಲಭವಾಗುತ್ತದೆ. ಧಾನ್ಯ ಕಾಳುಗಳ ಹೊರಪದರದ ಫೈಟೇಟ್ ಅಥವಾ ಚಹಾ, ಕಾಫಿಯ ಪಾಲಿಫಿನಾಲ್ ಎದುರಾದರೆ ಪರಮಾಣು ಅವುಗಳಿಗೆ ಅಂಟಿಕೊಂಡು ಮಲದೊಂದಿಗೆ ಹೊರಹೋಗುತ್ತದೆ. ಇಷ್ಟನ್ನು ದಾಟಿ ಕೋಶದೊಳಗೆ ಬಂದರೂ ಅದು ದೇಹಕ್ಕೆ ಸೇರಿದಂತಲ್ಲ. ಕೋಶದ ಆಚೆ ಬದಿಯಲ್ಲಿರುವ ಫೆರೊಪೋರ್ಟಿನ್ ಎಂಬ ಪ್ರೋಟೀನ್ ಅದನ್ನು ರಕ್ತಕ್ಕೆ ದಾಟಿಸಬೇಕು. ದೇಹದಲ್ಲಿ ಕಬ್ಬಿಣ ಸಾಕಷ್ಟಿದೆ ಎನಿಸಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ, ಅದು ಫೆರೊಪೋರ್ಟಿನ್ನಿಗೆ ಅಂಟಿ ಅದನ್ನು ನಾಶಗೊಳಿಸುತ್ತದೆ. ಆಗ ಪರಮಾಣು ಕೋಶದೊಳಗಿನ ಫೆರಿಟಿನ್ ಎಂಬ ಕೋಠಿಯಲ್ಲಿ ಉಳಿದು, ಕೆಲವು ದಿನಗಳಲ್ಲಿ ಆ ಕೋಶವೇ ಉದುರಿದಾಗ ಅದರೊಂದಿಗೆ ಹೊರಬೀಳುತ್ತದೆ. ಮಾಂಸದ ಹೀಮ್ ಕಬ್ಬಿಣ ಫೈಟೇಟುಗಳ ಕೈಗೆ ಅಷ್ಟಾಗಿ ಸಿಗುವುದಿಲ್ಲವಾದ್ದರಿಂದ ಅದರ ಹೀರಿಕೆ ಶೇಕಡ 15ರಿಂದ 35. ಉಳಿದ ಆಹಾರಗಳ ಕಬ್ಬಿಣದ್ದು ಶೇಕಡ 2ರಿಂದ 20ರವರೆಗೆ ಹೊಯ್ದಾಡುತ್ತದೆ. ಹತ್ತು ಪಟ್ಟಿನ ಈ ಅಂತರ ಪೊಟ್ಟಣದ ಒಂದೇ ಅಂಕಿಯ ಹಿಂದೆ ಅಡಗಿ ಕೂತಿದೆ.

ಹೆಪ್ಸಿಡಿನ್ ಪತ್ತೆಯಾದದ್ದು 2000ದ ಆಸುಪಾಸಿನಲ್ಲಿ. ಅದಾದ ಮೇಲೆ ಹಳೆಯ ಹಲವು ಗೊಂದಲಗಳಿಗೆ ಉತ್ತರ ಸಿಕ್ಕಿತು. ಸೋಂಕು ಅಥವಾ ದೀರ್ಘಕಾಲದ ಉರಿಯೂತ ಇದ್ದಾಗ ಹೆಪ್ಸಿಡಿನ್ ಏರುತ್ತದೆ, ಏಕೆಂದರೆ ರೋಗಾಣುಗಳಿಗೂ ಕಬ್ಬಿಣ ಬೇಕು, ಅದನ್ನು ಅವುಗಳ ಕೈಗೆ ಸಿಗದಂತೆ ಬಚ್ಚಿಡುವುದು ದೇಹದ ಹಳೆಯ ರಕ್ಷಣಾ ತಂತ್ರ. ಹೀಗಾಗಿ ಪದೇ ಪದೇ ಸೋಂಕಿಗೆ ತುತ್ತಾಗುವ ವ್ಯಕ್ತಿಗೆ ಕಬ್ಬಿಣ ಕೊಟ್ಟರೂ ಅದು ಬಾಗಿಲಲ್ಲೇ ನಿಲ್ಲುತ್ತದೆ. ಇನ್ನೊಂದು ಫಲಿತಾಂಶ ಮಾತ್ರೆ ನುಂಗುವ ಕ್ರಮಕ್ಕೇ ಸಂಬಂಧಿಸಿದ್ದು. 60 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಕಬ್ಬಿಣದ ಒಂದು ಡೋಸು ಹೆಪ್ಸಿಡಿನ್ನನ್ನು ಸುಮಾರು ಒಂದು ದಿನದವರೆಗೆ ಎತ್ತರಿಸಿ, ಮರುದಿನದ ಡೋಸಿನ ಹೀರಿಕೆಯನ್ನು ತಗ್ಗಿಸುತ್ತದೆ. ಕಬ್ಬಿಣದ ದಾಸ್ತಾನು ಕುಗ್ಗಿದ್ದ ಯುವತಿಯರಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನವೂ ಮಾತ್ರೆ ಸೇವಿಸಿದವರು ಪ್ರತಿ ಡೋಸಿನ ಸುಮಾರು ಶೇಕಡ 16ರಷ್ಟನ್ನು ಹೀರಿಕೊಂಡರೆ, ದಿನ ಬಿಟ್ಟು ದಿನ ಸೇವಿಸಿದವರು ಸುಮಾರು ಶೇಕಡ 22ರಷ್ಟನ್ನು ಹೀರಿಕೊಂಡರು. ಇದನ್ನು ಓದಿ ಯಾರೂ ವೈದ್ಯರು ಹೇಳಿದ ಕ್ರಮವನ್ನು ತಾವಾಗಿ ಬದಲಿಸಬಾರದು, ತೀವ್ರ ರಕ್ತಹೀನತೆಯಲ್ಲೂ ಗರ್ಭಾವಸ್ಥೆಯಲ್ಲೂ ಲೆಕ್ಕ ಬೇರೆಯೇ ಇರುತ್ತದೆ. ಆದರೆ ಹೆಚ್ಚು ಕೊಟ್ಟರೆ ಹೆಚ್ಚು ದಕ್ಕುತ್ತದೆ ಎಂಬ ನಂಬಿಕೆ ಎಷ್ಟು ದುರ್ಬಲ ಎಂಬುದು ಇದರಿಂದ ಸ್ಪಷ್ಟ.

ಕ್ಯಾಲ್ಸಿಯಂ ಕಥೆಯೂ ಇದಕ್ಕೆ ಹತ್ತಿರದ್ದೇ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ಆದರೆ ಅದರಲ್ಲೇ ಇರುವ ಆಕ್ಸಲೇಟ್ ಅದನ್ನು ಕರಗದ ಲವಣವಾಗಿ ಕಟ್ಟಿಹಾಕುವುದರಿಂದ ಹೀರಿಕೆ ಶೇಕಡ 5ರ ಸುಮಾರು. ಹಾಲಿನಿಂದ ಆಗುವ ಹೀರಿಕೆ ಶೇಕಡ 30ರ ಹತ್ತಿರ. ಆಕ್ಸಲೇಟ್ ಕಡಿಮೆ ಇರುವ ಎಲೆಕೋಸಿನ ಜಾತಿಯ ಸೊಪ್ಪುಗಳು ಈ ವಿಷಯದಲ್ಲಿ ಹಾಲಿಗೆ ಸರಿಸಮ ನಿಲ್ಲುತ್ತವೆ. ಇದರ ಮೇಲೆ ವಿಟಮಿನ್ ಡಿ ಕೆಲಸವೂ ನಡೆಯಬೇಕು. ಬಿಸಿಲಿಗೆ ಚರ್ಮದಲ್ಲಿ ತಯಾರಾದ ಅಥವಾ ಆಹಾರದಲ್ಲಿ ಬಂದ ಡಿ ಮೊದಲು ಯಕೃತ್ತಿನಲ್ಲಿ, ನಂತರ ಮೂತ್ರಪಿಂಡದಲ್ಲಿ ಮಾರ್ಪಟ್ಟ ಮೇಲಷ್ಟೇ ಕರುಳಿಗೆ ಕ್ಯಾಲ್ಸಿಯಂ ಹೀರುವ ಆದೇಶ ಹೋಗುತ್ತದೆ. ಮೂತ್ರಪಿಂಡ ಸೋತವರ ಮೂಳೆ ಸವೆಯುವುದರಲ್ಲಿ ಈ ಹಂತದ ಪಾಲು ದೊಡ್ಡದು.

ವಿಟಮಿನ್ ಬಿ12 ಇನ್ನೂ ಸುತ್ತಿನ ದಾರಿಯದು. ಆಹಾರದ ಪ್ರೋಟೀನಿನಿಂದ ಅದನ್ನು ಬಿಡಿಸಲು ಜಠರದ ಆಮ್ಲ ಬೇಕು, ಜಠರವೇ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ಜೊತೆಯಾಗಬೇಕು, ಆ ಜೋಡಿ ಸಣ್ಣ ಕರುಳಿನ ತುದಿಯವರೆಗೆ ಸಾಗಿ ಅಲ್ಲಿನ ಗ್ರಾಹಕಗಳಿಗೆ ಸಿಗಬೇಕು. ಒಂದು ಊಟದಲ್ಲಿ ಈ ದಾರಿಯಿಂದ ಒಳಹೋಗುವುದು ಒಂದೂವರೆಯಿಂದ ಎರಡು ಮೈಕ್ರೊಗ್ರಾಂ ಮಾತ್ರ. ವಯಸ್ಸಿನಿಂದ ಆಮ್ಲ ಕುಗ್ಗಿದವರಲ್ಲಿ, ಎದೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಆಹಾರ ಚೆನ್ನಾಗಿದ್ದರೂ ಬಿ12 ಕುಸಿಯಬಹುದು. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಆಗುವಷ್ಟು ದಾಸ್ತಾನು ಇರುವುದರಿಂದ ಕುಸಿತ ತಡವಾಗಿ ಬೆಳಕಿಗೆ ಬರುತ್ತದೆ, ಆ ಹೊತ್ತಿಗೆ ನರಗಳಿಗೆ ಆದ ಹಾನಿ ಕೆಲವೊಮ್ಮೆ ಸರಿಪಡಿಸಲಾಗದ್ದಾಗಿರುತ್ತದೆ. ಕೈಕಾಲು ಜೋಮು ಹಿಡಿಯುವುದನ್ನು, ಮರೆವನ್ನು ವಯಸ್ಸಿನ ಖಾತೆಗೆ ಬರೆದು ಸುಮ್ಮನಾಗುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸುವುದು ಎಷ್ಟೋ ಮೇಲು ಎಂದು ಒತ್ತಿ ಹೇಳಬೇಕೆನಿಸುತ್ತದೆ.

ಸಣ್ಣ ಕರುಳು ಜೀರ್ಣಿಸಲಾರದೆ ಬಿಟ್ಟ ನಾರಿನಂಶವೂ ವ್ಯರ್ಥವಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರು ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಬ್ಯುಟಿರೇಟ್ ಮುಖ್ಯ ಇಂಧನ. ನುಣ್ಣಗೆ ಸಂಸ್ಕರಿಸಿದ ಆಹಾರದಲ್ಲಿ ಹೀಗಾಗುವುದಿಲ್ಲ, ಅದು ಮೇಲ್ಭಾಗದಲ್ಲೇ ಬೇಗ ಹೀರಲ್ಪಟ್ಟು ಕೆಳಗಿನವರಿಗೆ ಏನೂ ಉಳಿಯುವುದಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲವನ್ನೂ ಸಮವಾಗಿ ಒದಗಿಸಿ ಬೇಕಾದಷ್ಟು ತಿನ್ನಲು ಬಿಟ್ಟಾಗ, ಅತಿ ಸಂಸ್ಕರಿತ ಆಹಾರದ ಎರಡು ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿ ಹೆಚ್ಚು ತಿಂದರು. ಭಾಗವಹಿಸಿದ್ದವರು 20 ಮಂದಿ ಮಾತ್ರ, ಹಾಗಾಗಿ ಇದೇ ಕೊನೆಯ ಮಾತಲ್ಲ. ಆದರೂ ಪಟ್ಟಿ ಒಂದೇ ಆಗಿದ್ದ ಎರಡು ಊಟಗಳಿಗೆ ದೇಹ ಎರಡು ರೀತಿ ಸ್ಪಂದಿಸಿತು ಎಂಬುದು ಗಮನಾರ್ಹ.

ಆಹಾರದಿಂದ ಒಂದು ಅಂಶವನ್ನು ಬೇರ್ಪಡಿಸಿ ಮಾತ್ರೆಯಾಗಿ ಕೊಟ್ಟಾಗ ಫಲ ಉಲ್ಟಾ ಆದದ್ದೂ ಇದೆ. ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬ ವೀಕ್ಷಣೆಯನ್ನು ನಂಬಿ, ಫಿನ್ಲೆಂಡಿನ 29,000ಕ್ಕೂ ಹೆಚ್ಚು ಪುರುಷ ಧೂಮಪಾನಿಗಳನ್ನು ಒಳಗೊಂಡ ಪ್ರಯೋಗದಲ್ಲಿ ಬೀಟಾ ಕ್ಯಾರೋಟಿನ್ ಮಾತ್ರೆಗಳನ್ನು ಕೊಡಲಾಯಿತು; 1994ರಲ್ಲಿ ಬಂದ ಫಲಿತಾಂಶದಲ್ಲಿ ಮಾತ್ರೆ ತಿಂದವರಲ್ಲೇ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಇನ್ನೊಂದು ಪ್ರಯೋಗವನ್ನು ಇಂಥದೇ ಕಾರಣಕ್ಕೆ 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ವಿಟಮಿನ್ ಸಿ ಅಷ್ಟು ಅಪಾಯದ್ದಲ್ಲ. ಸಾಮಾನ್ಯ ಪ್ರಮಾಣದಲ್ಲಿ ಅದರ ಶೇಕಡ 70ರಿಂದ 90ರಷ್ಟು ಹೀರಲ್ಪಡುತ್ತದೆ, ದಿನಕ್ಕೆ ಒಂದು ಗ್ರಾಂ ದಾಟಿದರೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಹೀರಿದ್ದರಲ್ಲೂ ಹೆಚ್ಚುವರಿ ಮೂತ್ರದಲ್ಲಿ ಹೋಗುತ್ತದೆ. ಪೂರಕ ಮಾತ್ರೆಗಳೆಲ್ಲ ನಿರುಪಯೋಗಿ ಎಂಬುದು ನನ್ನ ವಾದವಲ್ಲ. ಗರ್ಭಧಾರಣೆಗೆ ಮೊದಲಿನಿಂದಲೇ ಸೇವಿಸುವ ಫೋಲಿಕ್ ಆಮ್ಲ ಶಿಶುವಿನ ನರನಾಳದ ದೋಷಗಳನ್ನು ತಡೆಯುತ್ತದೆ, ಪ್ರಾಣಿಜನ್ಯ ಆಹಾರವನ್ನು ಪೂರ್ತಿ ಬಿಟ್ಟವರಿಗೆ ಬಿ12 ಪೂರಕ ಬೇಕೇಬೇಕು. ಇವೆರಡರಲ್ಲೂ ಯಾರಿಗೆ, ಯಾವಾಗ, ಏಕೆ ಎಂಬ ಪ್ರಶ್ನೆಗಳಿಗೆ ಉತ್ತರ ಮೊದಲೇ ಇದೆ.

ಅಡುಗೆಮನೆಯಲ್ಲಿ ಮಾಡಬಹುದಾದದ್ದೂ ಕಡಿಮೆಯೇನಲ್ಲ. ಕಾಳುಗಳನ್ನು ನೆನೆಸಿ ಮೊಳಕೆ ಕಟ್ಟಿದಾಗ, ಹಿಟ್ಟು ಹುದುಗಿದಾಗ ಫೈಟೇಸ್ ಕಿಣ್ವ ಚುರುಕಾಗಿ ಫೈಟೇಟನ್ನು ಒಡೆಯುತ್ತದೆ, ಕಬ್ಬಿಣ ಮತ್ತು ಸತು ಬಿಡುಗಡೆಯಾಗುತ್ತವೆ. ಊಟದೊಂದಿಗೆ ಹುಳಿ ಹಣ್ಣು ಸೇರಿಸುವುದು, ಚಹಾವನ್ನು ಊಟದಿಂದ ಒಂದೆರಡು ಗಂಟೆ ದೂರ ಇಡುವುದು, ಕ್ಯಾರೆಟ್ಟನ್ನು ಸ್ವಲ್ಪ ಎಣ್ಣೆಯಲ್ಲಿ ಬೇಯಿಸುವುದು ಇವುಗಳಿಗೆ ಖರ್ಚೂ ಹೆಚ್ಚಿಲ್ಲ.

ಆದರೆ ಎಲ್ಲವನ್ನೂ ಅಡುಗೆಮನೆಗೆ ಹೊರಿಸುವುದು ಅನ್ಯಾಯ. ಕೊಳಕು ನೀರು ಮತ್ತು ಮಲಿನ ನೆಲದ ನಡುವೆ ಬೆಳೆಯುವ ಮಕ್ಕಳಲ್ಲಿ ಪದೇ ಪದೇ ಒಳಸೇರುವ ರೋಗಾಣುಗಳಿಂದ ಕರುಳಿನ ವಿಲ್ಲಸ್‌ಗಳು ಮೊಂಡಾಗಿ, ಗೋಡೆ ಸೋರಲಾರಂಭಿಸಿ, ಭೇದಿ ಕಾಣಿಸದಿದ್ದರೂ ಹೀರುವ ಶಕ್ತಿ ಕುಂದುತ್ತದೆ. ಇಂಥ ಮಗುವಿಗೆ ಪೌಷ್ಟಿಕ ಆಹಾರ ಕೊಟ್ಟಾಗ ಬೆಳವಣಿಗೆ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಚೇತರಿಸುವುದಿಲ್ಲ. ಹಾಗಾದರೆ ಶೌಚಾಲಯ, ಕೈತೊಳೆಯುವ ವ್ಯವಸ್ಥೆ, ಮನೆಯಲ್ಲೇ ನೀರು ಶುದ್ಧೀಕರಣ ಒದಗಿಸಿದರೆ ಸಾಕೇ ಎಂಬ ಪ್ರಶ್ನೆಯನ್ನು ಬಾಂಗ್ಲಾದೇಶ, ಕೆನ್ಯಾ, ಜಿಂಬಾಬ್ವೆಗಳಲ್ಲಿ ನಡೆದ ದೊಡ್ಡ ಪ್ರಯೋಗಗಳು ಪರೀಕ್ಷಿಸಿದವು. 2018ರಿಂದ 2019ರ ಹೊತ್ತಿಗೆ ಬಂದ ಅವುಗಳ ಫಲಿತಾಂಶದಲ್ಲಿ ಆ ಸೌಲಭ್ಯಗಳಿಂದ ಮಕ್ಕಳ ಎತ್ತರದಲ್ಲಿ ಸುಧಾರಣೆ ಕಾಣಲಿಲ್ಲ. ಪೂರಕ ಆಹಾರದಿಂದ ಕಂಡ ಸುಧಾರಣೆಯೂ ಸಣ್ಣದೇ. ಸೌಲಭ್ಯ ಕೊಟ್ಟ ಮೇಲೂ ಮಕ್ಕಳ ಬಾಯಿಗೆ ಹೋಗುವ ರೋಗಾಣುಗಳ ಹೊರೆ ಸಾಕಷ್ಟು ಇಳಿದಿರಲಿಲ್ಲ ಎಂಬುದು ಸಂಶೋಧಕರು ಮುಂದಿಟ್ಟ ಮುಖ್ಯ ವಿವರಣೆ. ಮನೆಯೊಳಗೇ ಬರುವ ಶುದ್ಧ ನಲ್ಲಿ ನೀರು, ಇಡೀ ವಸತಿಗೆ ಒಳಚರಂಡಿ, ಮಗು ತೆವಳುವ ನೆಲದಲ್ಲಿ ಪ್ರಾಣಿಗಳ ಮಲ ಇಲ್ಲದಂತೆ ನೋಡಿಕೊಳ್ಳುವ ಏರ್ಪಾಟು ಇವೆಲ್ಲ ಪೌಷ್ಟಿಕತೆಯ ಯೋಜನೆಗಳ ಆಯವ್ಯಯದಲ್ಲಿ ಆಹಾರದ ಪಕ್ಕದಲ್ಲೇ ಬರಬೇಕಾದ ಬಾಬತ್ತುಗಳು. ಸದ್ಯಕ್ಕೆ ಅವು ಬೇರೆ ಇಲಾಖೆಯ ಕಡತಗಳಲ್ಲಿವೆ.